ನನ್ನ ಮೈದುನನ ಎರಡು ಒಲೆ

ನನ್ನ ಮೈದುನನ ಕುತ್ತಿಗೆಯ ಬಲಗಡೆ ಒಂದು ನರ ಹಗ್ಗದ ಹಾಗೆ ಎದ್ದು ನಿಂತಿರುತ್ತಿತ್ತು. ಅದರ ಕೆಳಗೆ ಮೈಯೆಲ್ಲ ಆಲೆಮನೆಯಲ್ಲಿ ಹಿಂಡಿ ಎಸೆದ ಕಬ್ಬಿನ ಸಿಪ್ಪೆಯಂತಾಗಿತ್ತು. ಕೈಕಾಲು ಹೊದಿಕೆಯೊಳಗೆ ಇವೆಯೋ ಇಲ್ಲವೋ ಅನ್ನುವಷ್ಟು ಸಣ್ಣ. ಕುತ್ತಿಗೆ ಮಾತ್ರ ನೊಗ ಹೊತ್ತ ಎತ್ತಿನದು. ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಅವನ ಮೈ ಒರೆಸುವಾಗ ಅಲ್ಲಿಗೆ ಬಂದರೆ ನನ್ನ ಕೈಗೆ ಗಟ್ಟಿ ಮರ ತಾಗಿದಂತಾಗುತ್ತಿತ್ತು. ಯಾರಾದರೂ ನೆಂಟರು ಬಂದು "ಹೆಂಗಿದ್ದೀಯಪ್ಪ?" ಅಂದರೆ ಅವನದು ಒಂದೇ ಉತ್ತರ: "ಕುತ್ತಿಗೆಯಿಂದ ಮೇಲಕ್ಕೆ ಚೆನ್ನಾಗಿವ್ನಿ." ಬಂದವರಿಗೆ ನಗಬೇಕೋ ಬೇಡವೋ ತಿಳಿಯುತ್ತಿರಲಿಲ್ಲ. ಅವರ ಮುಖ ನೋಡಿ ಅವನೇ ನಗುತ್ತಿದ್ದ.

ನಮ್ಮದು ಪಾಂಡವಪುರದಿಂದ ಮೇಲುಕೋಟೆ ಕಡೆಗೆ ಹೋಗುವಾಗ ಸ್ವಲ್ಪ ಒಳಗೆ ಸಿಗುವ ಊರು. ನಾನು ಸೊಸೆಯಾಗಿ ಬಂದಾಗ ಅವನು ಕೆ.ಆರ್. ಪೇಟೆಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದುತ್ತಿದ್ದ. ರಜೆಗೆ ಬಂದರೆ ಮನೆಯಲ್ಲಿ ನಿಲ್ಲುತ್ತಿರಲಿಲ್ಲ, ಊರ ಪಕ್ಕದ ನಾಲೆಯಲ್ಲೇ ಇರುತ್ತಿದ್ದ. ನಾಲೆಯ ಸೇತುವೆಯಿಂದ ತಲೆ ಕೆಳಗೆ ಮಾಡಿ ಹಾರುವುದು ಅವನಿಗೆ ಚಿಕ್ಕಂದಿನ ಅಭ್ಯಾಸ. ನಮ್ಮ ಕಡೆ ನಾಲೆಗೆ ಸರದಿಯ ಮೇಲೆ ನೀರು ಬಿಡುತ್ತಾರೆ. ಒಂದಷ್ಟು ದಿನ ತುಂಬಿ ಹರಿದರೆ ಒಂದಷ್ಟು ದಿನ ಮೊಣಕಾಲುದ್ದ. ಆ ದಿನ ನೀರು ಇಳಿದಿತ್ತು. ಮಣ್ಣು ಬೆರೆತ ನೀರು, ಮೇಲಿನಿಂದ ನೋಡಿದರೆ ಆಳ ಗೊತ್ತಾಗುವುದಿಲ್ಲ. ಗೆಳೆಯರು ಎತ್ತಿಕೊಂಡು ಬಂದಾಗ ಅವನ ಮೈಮೇಲೆ ಒಂದು ತರಚು ಗಾಯವೂ ಇರಲಿಲ್ಲ. "ಅತ್ಗೆ, ಕಾಲು ಎಲ್ಲವೆ ನೋಡು" ಅಂದ. ನನಗೆ ಅರ್ಥವಾಗಲಿಲ್ಲ. ಕಾಲು ಅಲ್ಲೇ ಇದ್ದವು.

ನಮ್ಮ ಅತ್ತೆ ಮಾವ ಅಷ್ಟರಲ್ಲಿ ತೀರಿಕೊಂಡಿದ್ದರು. ಹೆತ್ತವರು ಅದನ್ನು ನೋಡಲಿಲ್ಲವಲ್ಲ, ಅದೊಂದು ಚೆಲುವರಾಯಸ್ವಾಮಿಯ ದಯೆ ಅಂದುಕೊಂಡೆ. ಕಷ್ಟ ಬಂದಾಗ ನಾನು ಹೀಗೆ ಸಣ್ಣ ಸಣ್ಣ ದಯೆಗಳನ್ನು ಹುಡುಕಿಕೊಳ್ಳುವವಳು. ಇಲ್ಲದಿದ್ದರೆ ಬೆಳಿಗ್ಗೆ ಏಳುವುದು ಹೇಗೆ?

ಅವನನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಮುದ್ದೆ ಮುರಿದು ಉಪ್ಪೆಸರಲ್ಲಿ ಅದ್ದಿ ಬಾಯಿಗಿಟ್ಟರೆ ಕಣ್ಣು ಮುಚ್ಚಿ ನುಂಗುತ್ತಿದ್ದ. ಉಪ್ಪಿಟ್ಟು ತಂದರೆ "ಮನೇಗೆ ಆಸ್ಪತ್ರೆ ತಂದ್ಬುಟ್ಯಾ?" ಅನ್ನುತ್ತಿದ್ದ. ಒಂದೇ ಕಡೆ ಮಲಗಿ ಮೈ ಹುಣ್ಣಾಗದಂತೆ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಬೇಕು. ಅದಕ್ಕೆಲ್ಲ ಅವನು ಸುಮ್ಮನೆ ಒಪ್ಪಿಕೊಳ್ಳುತ್ತಿದ್ದ. ಅವನಿಗೆ ತಡೆಯಲಾಗದೆ ಇದ್ದದ್ದು ಬೇರೆ. ಮೂಗಿನ ಮೇಲೆ ನೊಣ ಕೂತಿತೆಂದು ನಾನು ಓಡಿಹೋಗಿ ಓಡಿಸಿದರೆ ಸಿಟ್ಟು. "ನಾನ್ ಕರೆದ್ನಾ? ಮೂಗು ನಂದು, ನೊಣಾನೂ ನಂದೇ. ಕರೀದೆ ಬರ್ಬ್ಯಾಡ ಅತ್ಗೆ." ಸರಿ ಎಂದು ಕಾದರೆ ಕರೆಯುವುದೂ ಅವನಿಗೆ ಕಷ್ಟವೇ. ಪೇಪರಿನ ಹಾಳೆ ತಿರುಗಿಸಲು ಕರೆಯಬೇಕು, ರೇಡಿಯೋ ಆರಿಸಲು ಕರೆಯಬೇಕು, ಕಿಟಕಿ ಮುಚ್ಚಲು ಕರೆಯಬೇಕು. ನಾನು ಹಿತ್ತಲಲ್ಲಿ ಇದ್ದೇನೆಂದು ಗೊತ್ತಾದರೆ ಕೂಗುತ್ತಲೇ ಇರಲಿಲ್ಲ, ಓದಿ ಮುಗಿಸಿದ ಪುಟವನ್ನೇ ಮತ್ತೆ ಓದುತ್ತಾ ಇರುತ್ತಿದ್ದ. ಒಮ್ಮೆ ಬಂದು ನೋಡಿದರೆ ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತಿದೆ, ಕಣ್ಣೀರು ಸುರಿಯುತ್ತಿದೆ, ಹಾಗೇ ಮಲಗಿದ್ದಾನೆ. "ಕೂಗಬಾರದಾಗಿತ್ತೇನಪ್ಪ?" ಅಂದರೆ, "ಇವತ್ತಿಗೆ ಸಾಕಾಗೋವಷ್ಟು ಕೂಗಿದ್ದೀನಿ" ಅಂದ.

ಇದನ್ನು ಬದಲಾಯಿಸಿದ್ದು ಅವನ ಜೊತೆ ಓದಿದ ಒಬ್ಬ ಗೆಳೆಯ. ತನ್ನ ಹಳೆಯ ಲ್ಯಾಪ್‌ಟಾಪ್ ತಂದು ಮಂಚದ ಮೇಲೆ ಹಲಗೆ ಕಟ್ಟಿ ನಿಲ್ಲಿಸಿದ. ಯಾವುದೋ ಊರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪರೀಕ್ಷೆಗೆಂದು ಮಾಡಿ ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಒಂದು ಪ್ರೋಗ್ರಾಂ ಹಾಕಿಕೊಟ್ಟ. ಕಂಪ್ಯೂಟರ್ ಶುರುವಾದರೆ ಪರದೆಯ ನೆತ್ತಿಯ ಮೇಲೆ ಕ್ಯಾಮೆರಾದ ಪಕ್ಕ ಒಂದು ಹಸಿರು ದೀಪ ಹತ್ತುತ್ತದೆ. ಆಮೇಲೆ ಅದು ಮುಖವನ್ನು ನೋಡುತ್ತಾ ಇರುತ್ತದೆ. ತಲೆ ಎಡಕ್ಕೆ ಹೊರಳಿದರೆ ಪರದೆಯ ಮೇಲಿನ ಬಾಣ ಎಡಕ್ಕೆ, ಬಲಕ್ಕೆ ಹೊರಳಿದರೆ ಬಲಕ್ಕೆ. ಒಂದು ಕಡೆ ಸ್ವಲ್ಪ ಹೊತ್ತು ಅಲುಗದೆ ನಿಂತರೆ ಒತ್ತಿದ ಲೆಕ್ಕ. ಪರದೆಯ ಕೆಳಗೆ ಅಕ್ಷರದ ಮನೆಗಳು. ಒಂದೊಂದರ ಮೇಲೂ ತಲೆಯಿಂದಲೇ ಹೋಗಿ ನಿಂತು ಬರೆಯಬೇಕು. ಆ ನರ ಎದ್ದದ್ದು ಆಗ.

ಮೊದಲ ದಿನ ನಾನು ಊಟ ತಂದಾಗ, "ಆಮೇಲೆ ಬಾ ಅತ್ಗೆ, ಕೆಲ್ಸ ಅದೆ" ಅಂದ. ಕೆಲಸ ಇದೆ ಅಂದ! ನಾನು ತಟ್ಟೆ ಹಿಡಿದುಕೊಂಡು ಅಡುಗೆಮನೆಗೆ ವಾಪಸು ಬಂದು ದೇವರಿಗೆ ಒಂದು ತುಪ್ಪದ ದೀಪ ಹಚ್ಚಿದೆ.

ಕೆಲಸ ನಿಜವಾಗಿಯೂ ಸಿಕ್ಕಿತು. ಮೈಸೂರಿನ ಒಂದು ಸಣ್ಣ ಮುದ್ರಣಾಲಯದವರ ಬಳಿ ಹಿಂದಿನ ಕಾಲದ ಕಂಪ್ಯೂಟರಿನಲ್ಲಿ ಟೈಪು ಮಾಡಿದ ಪುಸ್ತಕಗಳು ರಾಶಿ ಇದ್ದವು. ಆ ಅಕ್ಷರಗಳನ್ನು ಈಗಿನ ಫೋನಿನಲ್ಲಿ ತೆರೆದರೆ ಚಿಕ್ಕಮಕ್ಕಳು ಗೀಚಿದ ಹಾಗೆ ಕಾಣುತ್ತವೆ. ಅವನ್ನು ಎಲ್ಲ ಫೋನಿನಲ್ಲೂ ಓದಬಹುದಾದ ಕನ್ನಡಕ್ಕೆ ತಿರುಗಿಸುವ ಪ್ರೋಗ್ರಾಮನ್ನು ನನ್ನ ಮೈದುನ ಬರೆದ. ಪೈಥಾನ್ ಅನ್ನುವ ಭಾಷೆಯಲ್ಲಿ ಬರೆಯುತ್ತಾನಂತೆ. ಅದರ ಅರ್ಥ ಹೆಬ್ಬಾವು ಎಂದು ಕೇಳಿ ನನಗೆ ಗಾಬರಿ. "ಮನೆಯೊಳಗೆ ಹಾವು ಯಾಕಪ್ಪ?" ಅಂದೆ. "ನಿಮ್ಮ ಸುಬ್ಬಪ್ಪ ದೇವ್ರು ಅಂದ್ಕೊಂಡು ಕೈ ಮುಗಿದ್ಬುಡು" ಅಂದ.

ಅವನ ಕಂಪ್ಯೂಟರಿನಲ್ಲಿ ಅದೇ ಭಾಷೆ ಎರಡು ಇತ್ತು. ಒಂದು ಹಳೆಯದು, ಒಂದು ಹೊಸದು. ತಲೆ ನೋಡುವ ಪ್ರೋಗ್ರಾಮನ್ನು ಆ ವಿದ್ಯಾರ್ಥಿಗಳು ಹಳೆಯದರಲ್ಲಿ ಬರೆದು ಆಮೇಲೆ ಅದರ ಕಡೆ ತಿರುಗಿಯೂ ನೋಡಲಿಲ್ಲ. ಹೊಸದರಲ್ಲಿ ಅದು ಓಡುವುದಿಲ್ಲ. ಕನ್ನಡದ ಕೆಲಸಕ್ಕೋ ಹೊಸದೇ ಬೇಕು. ಅರ್ಕಾವೊತ್ತು ಎಲ್ಲೆಲ್ಲೋ ಹೋಗಿ ಕೂತುಬಿಡುತ್ತಿತ್ತಂತೆ, ಅದನ್ನು ಹಿಡಿದು ತಂದು ಜಾಗದಲ್ಲಿ ಕೂರಿಸುವುದು ಹಳೆಯದರಲ್ಲಿ ಬಹಳ ಕಷ್ಟ. "ತಲೆ ನೋಡೋದನ್ನೂ ಹೊಸದಕ್ಕೇ ಬದಲಾಯಿಸಿಕೊಂಡ್ರೆ ಆಗಲ್ವಾ?" ಎಂದು ಒಮ್ಮೆ ಕೇಳಿದೆ. "ತಲೆ ಬಿಚ್ಚಿಟ್ಟು ತಲೆ ರಿಪೇರಿ ಮಾಡಾಕಾಯ್ತದಾ ಅತ್ಗೆ? ಅದನ್ನ ನಿಲ್ಸಿದ್ರೆ ನಾನು ಏನನ್ನ ಹಿಡ್ಕೊಂಡು ಬರೀಲಿ?" ಅಂದ. ಅದಕ್ಕೇ ಎರಡೂ ಒಂದೇ ಕಂಪ್ಯೂಟರಿನಲ್ಲಿ ಜೊತೆಗಿದ್ದವು. ಹಳೆಯದು ಅವನನ್ನು ನೋಡುತ್ತಿತ್ತು, ಅವನು ಹೊಸದರಲ್ಲಿ ದುಡಿಯುತ್ತಿದ್ದ.

ಕೆಲವು ವರ್ಷ ಹೀಗೆ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಆಯುಧಪೂಜೆ ಬಂತು.

ನಮ್ಮ ಯಜಮಾನರು, ಅಂದರೆ ಅವನ ಅಣ್ಣ, ಮಾತು ಒರಟು, ಮನಸ್ಸು ಬೆಣ್ಣೆ. ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ಟ್ರಾಕ್ಟರನ್ನು ಪಾಂಡವಪುರಕ್ಕೆ ಒಯ್ದು ಸರ್ವೀಸ್ ಮಾಡಿಸಿ, ತೊಳೆದು, ಮದುಮಗನಂತೆ ನಿಲ್ಲಿಸಿ ಪೂಜೆ ಮಾಡುತ್ತಿದ್ದರು. ಆ ವರ್ಷ ನಾನು ಮೈದುನನನ್ನು ಕರೆದುಕೊಂಡು ಮೈಸೂರಿನ ಆಸ್ಪತ್ರೆಗೆ ಹೋಗಿದ್ದೆ, ಬೆನ್ನಿನ ಹುಣ್ಣು ತೋರಿಸಲು. ನಾವು ಬರುವಷ್ಟರಲ್ಲಿ ಇವರು ತಮ್ಮನಿಗೆ ಸಂತೋಷವಾಗಲಿ ಎಂದು ಲ್ಯಾಪ್‌ಟಾಪನ್ನೂ ಟ್ರಾಕ್ಟರಿನ ಜೊತೆಗೇ ಒಯ್ದು ಕಂಪ್ಯೂಟರ್ ಅಂಗಡಿಯಲ್ಲಿ ಸರ್ವೀಸ್ ಮಾಡಿಸಿ ತಂದಿದ್ದರು.

"ನೋಡ್ಲಾ, ನಿನ್ ಡಬ್ಬಾನೂ ರೆಡಿ ಮಾಡ್ಸಿವ್ನಿ. ನಾಳೆ ಟ್ರಾಕ್ಟರ್ ಪಕ್ಕದಲ್ಲೇ ಅದಕ್ಕೂ ಪೂಜೆ. ಇನ್ಮ್ಯಾಕೆ ಕುದುರೆ ಓಡ್ದಂಗೆ ಓಡ್ತದೆ ಕನ್ಲಾ."

"ಕುದುರೆ ಮ್ಯಾಲೆ ಕೂರೋನು ಇಂಗವ್ನೆ, ನಿಧಾನ ಕನಣ್ಣ" ಎಂದು ಅವನೂ ನಕ್ಕ.

ಪೂಜೆಯಾಯಿತು. ಲ್ಯಾಪ್‌ಟಾಪಿಗೆ ವಿಭೂತಿ, ಕುಂಕುಮ, ನೆತ್ತಿಯ ಮೇಲೆ ಚೆಂಡುಹೂವು. ಬೂದುಗುಂಬಳಕಾಯಿ ಒಡೆದರು. ನಮ್ಮಲ್ಲಿ ಪೂಜೆ ಮಾಡಿದ ಆಯುಧವನ್ನು ಆ ದಿನ ಮುಟ್ಟುವುದಿಲ್ಲ, ಕುಡುಗೋಲಿನಿಂದ ಹಿಡಿದು ಟ್ರಾಕ್ಟರಿನವರೆಗೆ ಎಲ್ಲಕ್ಕೂ ವಿಶ್ರಾಂತಿ. ಮಾರನೆಯ ಬೆಳಿಗ್ಗೆ ವಿಜಯದಶಮಿ. ಹೂವು ತೆಗೆದು ಹಲಗೆಗೆ ಕಟ್ಟಿ ಆನ್ ಮಾಡಿದೆ. ಅವನು ತಲೆ ಹೊರಳಿಸಿದ. ಬಾಣ ಅಲುಗಲಿಲ್ಲ. ಹಸಿರು ದೀಪವೂ ಇಲ್ಲ.

"ಕ್ಯಾಮೆರಾ ಕಣ್ಣಿಗೆ ಕುಂಕುಮ ಅಂಟ್ಕೊಂಡಿರಬೇಕು, ಒರೆಸು ಅತ್ಗೆ."

ಸೆರಗಿನಿಂದ ಒರೆಸಿದೆ. ಎಡಕ್ಕೆ ಹೊರಳಿಸಿದ, ಬಲಕ್ಕೆ ಹೊರಳಿಸಿದ, ಮೇಲೆ, ಕೆಳಗೆ. ಮತ್ತೆ ಒರೆಸಿದೆ. ಮತ್ತೆ ಹೊರಳಿಸಿದ. ಬಾಣ ಪರದೆಯ ನಡುವೆ ಸತ್ತ ನೊಣದ ಹಾಗೆ ನಿಂತೇ ಇತ್ತು. ಅವನು ತಲೆ ಅಲ್ಲಾಡಿಸುತ್ತಲೇ ಇದ್ದ. ನೋಡಲಾಗದೆ ನಾನು ಅವನ ಹಣೆ ಹಿಡಿದುಕೊಂಡೆ.

ಯಜಮಾನರು ಓಡಿ ಬಂದರು. "ಯಾಕ್ಲಾ? ಏನಾಯ್ತ್ಲಾ? ಅಂಗಡಿಯೋನು ಚೆನ್ನಾಗ್ ಮಾಡಿವ್ನಿ ಅಂದ್ನಲ್ಲ! ಒಳಗೆ ಒಂದೇ ಭಾಷೆ ಅಳೇದೊಂದು ಒಸದೊಂದು ಅದೆ, ಅಳೇದನ್ನ ಮಾಡ್ದೋರೇ ಕೈಬುಟ್ಟವ್ರೆ, ಸುಮ್ನೆ ಭಾರ ಅಂದ. ಅಬ್ಬದ ದಿನ ಅಳೇ ಸಾಮಾನು ಯಾಕೆ ಅಂತ ತೆಗೆದಾಕು ಅಂದೆ ಕನ್ಲಾ."

ಮೈದುನ ಬಯ್ಯಲಿಲ್ಲ. ಕಣ್ಣು ಮುಚ್ಚಿಕೊಂಡ. ಹಬ್ಬಕ್ಕೆ ಮುಂಚೆ ಒಡೆದ ಮಡಕೆ, ಹರಿದ ಚಾಪೆ ಹೊರಗೆ ಹಾಕುವ ಮನೆ ನಮ್ಮದು. ಇವರು ಅದೇ ಲೆಕ್ಕದಲ್ಲಿ ತಮ್ಮನ ಕುತ್ತಿಗೆಯನ್ನೇ ಹೊರಗೆ ಹಾಕಿಸಿ ಬಂದಿದ್ದರು.

"ಬಯ್ಯಲಾ ನನ್ನ. ಒಂದ್ಸಲ ಬಾಯ್ತುಂಬ ಬಯ್ದ್ಬುಡು" ಎಂದು ಇವರು ಮಂಚದ ಕಾಲಿನ ಹತ್ತಿರ ಕೂತುಬಿಟ್ಟರು.

"ನೀನು ಒಳ್ಳೇದಕ್ಕೇ ಮಾಡ್ದೆ ಬುಡಣ್ಣ. ಆ ಕಿಟಕಿ ಮುಚ್ಚು. ಬಿಸ್ಲು ಬತ್ತದೆ" ಅಂದ.

ಕಿಟಕಿ ನಾನೇ ಹೋಗಿ ಮುಚ್ಚಿದೆ. ಎಲ್ಲಕ್ಕೂ ಕರೆಯಬೇಕಾದ ಕಡೆಗೇ ಮತ್ತೆ ಬಂದು ನಿಂತಿದ್ದ.

ಯಜಮಾನರು ಅದೇ ಅಂಗಡಿಗೆ ಹೋದರು. ಹಳೆಯದನ್ನು ಈಗ ಯಾರೂ ಹಾಕುವುದಿಲ್ಲ, ಹೊಸ ಲ್ಯಾಪ್‌ಟಾಪೇ ತಗೊಳ್ಳಿ ಅಂದನಂತೆ. ನಾಗಮಂಗಲದಲ್ಲಿ ಒಬ್ಬರಿದ್ದಾರೆಂದು ಅಲ್ಲಿಗೂ ಹೋದರು. ಅವರೂ ಕೈಚೆಲ್ಲಿದರು. ಹಾಕಿಕೊಟ್ಟ ಗೆಳೆಯ ದೂರದ ಊರು ಸೇರಿ ಅವನ ಫೋನ್ ನಂಬರೇ ಬದಲಾಗಿತ್ತು. ಇವರು ಸಂಜೆ ಬಂದು ತಮ್ಮನ ಮುಖ ನೋಡದೆ ಕೊಟ್ಟಿಗೆಗೆ ಹೋಗುತ್ತಿದ್ದರು. ಊಟ ಮಾಡಿದಂತೆ ಮಾಡಿ ಏಳುತ್ತಿದ್ದರು. ಮೈದುನ ಬಾಯಿ ತೆರೆದರೆ ಎರಡು ತುತ್ತು, ಅಷ್ಟೇ. ಗೋಡೆಯ ಕಡೆ ಮುಖ ತಿರುಗಿಸಿ ಮಲಗಿರುತ್ತಿದ್ದ. ಮನೆಯಲ್ಲಿ ಸಾವು ಆಗದೆಯೇ ಸೂತಕ ಹಿಡಿದಂತಿತ್ತು.

ಒಂದು ಬೆಳಿಗ್ಗೆ ಪೂಜೆ ಮುಗಿಸಿ ಬಂದು, "ನಿನಗೆ ಗೊತ್ತಲ್ಲ, ಹೇಳು. ನಾನು ಒತ್ತುತೀನಿ" ಅಂದೆ.

"ನಿನಗೆ ಬರಲ್ಲ ಅತ್ಗೆ."

"ಎಸ್ಸೆಸ್ಸೆಲ್ಸಿ ಪಾಸ್ ಆಗಿದ್ದೀನಿ ಕನಪ್ಪ. ಎ ಬಿ ಸಿ ಡಿ ಗೊತ್ತು. ನೀನು ಒಂದೊಂದೇ ಅಕ್ಷರ ಹೇಳು."

ಅವನು ನನ್ನ ಕೈ ನೋಡಿದ. ಬೆರಳಿನಲ್ಲಿ ಅರಿಶಿನ, ಉಗುರಿನ ಸಂದಿಯಲ್ಲಿ ಹುಣಸೆಹಣ್ಣು. "ತೊಳ್ಕೊಂಡು ಬಾ ಮತ್ತೆ" ಅಂದ.

ಹಾಗೆ ಶುರುವಾಯಿತು. ಹಾಲು ಕರೆದು, ಅಡುಗೆ ಮುಗಿಸಿ, ಅವನ ಮೈ ಒರೆಸಿ ನಾನು ಕೂರುತ್ತಿದ್ದೆ. ಅವನು ಹೇಳುತ್ತಿದ್ದ, ನಾನು ಕಾಗೆ ಕಾಳು ಹೆಕ್ಕಿದಂತೆ ಒಂದೊಂದೇ ಅಕ್ಷರ ಒತ್ತುತ್ತಿದ್ದೆ. ಮೊದಮೊದಲು ಬಿಡಬಾರದ ಕಡೆ ಜಾಗ ಬಿಟ್ಟು ಅವನಿಂದ ಬೈಸಿಕೊಂಡೆ. "ಅಲ್ಲಿ ಯಾಕೆ ಜಾಗ ಬುಟ್ಟೆ? ನೆಂಟ್ರು ಬತ್ತಾರಾ?" ಬೈಯುತ್ತಿದ್ದಾನಲ್ಲ ಎಂದು ನನಗೆ ಒಳಗೇ ಸಮಾಧಾನ.

ಹಳೆಯದನ್ನು ತಂದಿಳಿಸುವುದಕ್ಕಿಂತ ಹೊಸದರ ಪಕ್ಕ ಅದನ್ನು ಜಗಳವಿಲ್ಲದೆ ಕೂರಿಸುವುದೇ ಕಷ್ಟವಂತೆ. "ಎರಡಕ್ಕೂ ಒಂದೇ ಹೆಸರು ಅಂತೀಯ. ಕರೆದರೆ ಯಾವುದು ಬರುತ್ತೆ?" ಎಂದು ಕೇಳಿದೆ.

"ನಿನ್ ಬಾಡಿನ ಒಲೆ ಎಲ್ಲದೆ?"

"ಹಿತ್ತಲಲ್ಲಿ" ಅಂದೆ. ಮಾಂಸದ ಅಡುಗೆ ನಮ್ಮಲ್ಲಿ ಮನೆಯೊಳಗೆ ಇಲ್ಲ.

"ಬಾಡಿನ ಪಾತ್ರೆ, ಸೌಟು, ಒಗ್ಗರಣೆ ಚಿಟ್ಟಿ?"

"ಅಲ್ಲೇ."

"ಅದ್ರಲ್ಲಿ ಒಂದ್ ಸೌಟು ತಂದು ನಿನ್ ದೇವ್ರ ಅಡುಗೆ ಪಾಯಸಕ್ಕೆ ಆಕಿದ್ರೆ?"

"ಕಾಲು ಮುರೀತೀನಿ."

"ನನ್ ಕಾಲು ಮುರುದ್ರೂ ನಂಗೇನೂ ಗೊತ್ತಾಗಲ್ಲ, ಇರ್ಲಿ. ಇದೂ ಅಂಗೇ ಕನ ಅತ್ಗೆ. ಮನೆ ಒಂದೇ, ಒಲೆ ಎರಡು. ಒಂದೊಂದು ಒಲೆಗೂ ಅದರದೇ ಪಾತ್ರೆ ಪಡಗ. ಇದ್ರ ಸೌಟು ಅಲ್ಲಿಗೆ ಓಗಂಗಿಲ್ಲ, ಅದ್ರದು ಇಲ್ಲಿಗೆ ಬರಂಗಿಲ್ಲ. ಯಾವ ಕೆಲ್ಸಕ್ಕೆ ಯಾವ ಒಲೆ ಹಚ್ಚಬೇಕು ಅಂತ ಒಂದು ಕಡೆ ಬರೆದಿಟ್ಬುಟ್ರೆ ಮುಗೀತು."

ನನಗೆ ಆ ಕ್ಷಣ ಎಲ್ಲವೂ ಅರ್ಥವಾಯಿತು. ಅಂಗಡಿಯವನಿಗೆ ಎರಡು ಒಲೆಯ ಮನೆ ಗೊತ್ತಿರಲಿಲ್ಲ, ಒಂದು ಒಲೆ ಹೆಚ್ಚಾಯಿತು ಅಂದುಕೊಂಡ. ಆಮೇಲಿಂದ ನಮ್ಮಿಬ್ಬರ ನಡುವೆ ಹಳೆಯದಕ್ಕೆ ಹಿತ್ತಲ ಒಲೆ, ಹೊಸದಕ್ಕೆ ಒಳಗಿನ ಒಲೆ ಎಂದೇ ಹೆಸರು.

ಆ 'ಬರೆದಿಡುವ' ಕೆಲಸಕ್ಕೆ ಅವನು ನನ್ನಿಂದ ಒಂದು ಚಿಕ್ಕ ಪ್ರೋಗ್ರಾಂ ಬರೆಸಿದ. ಬರೆದು ಓಡಿಸಿದರೆ ಕಂಪ್ಯೂಟರ್ ಇಂಗ್ಲಿಷಿನಲ್ಲಿ ಏನೋ ಬೈಯಿತು. ತಾನು ಹೇಳಿದ್ದ ಪ್ರತಿ ಸಾಲನ್ನೂ ಅವನು ನನ್ನಿಂದ ಓದಿಸಿದ. ತಪ್ಪು ಸಿಗಲಿಲ್ಲ. ಕೊನೆಗೆ, "ಮೊದಲ ಸಾಲು ತೋರ್ಸು" ಅಂದ. ತೋರಿಸಿದೆ. ಮೊದಲ ಸಾಲಿನಲ್ಲಿ 'ಶ್ರೀ' ಎಂದಿತ್ತು.

"ಇದನ್ನ ಯಾರು ಬರೀ ಅಂದ್ರು?"

"ಬರೆಯೋಕೆ ಮುಂಚೆ ಶ್ರೀ ಹಾಕದೆ ಇರ್ತಾರೇನಪ್ಪ?" ಅಂದೆ. ಮದುವೆ ಸಾಮಾನಿನ ಚೀಟಿಗೂ, ಮಕ್ಕಳ ಸ್ಲೇಟಿಗೂ ಮೊದಲು ಅದನ್ನೇ ಹಾಕಿ ಬೆಳೆದವಳು ನಾನು. ಫೋನಿನಲ್ಲಿ ಕನ್ನಡ ಒತ್ತಿ ಅಭ್ಯಾಸವಿತ್ತು, ಇಲ್ಲೂ ಹುಡುಕಿ ಹಾಕಿದ್ದೆ.

ಅವನು ನಗಲು ಶುರುಮಾಡಿದ. ಆಯುಧಪೂಜೆಯ ಮಾರನೆಯ ದಿನದಿಂದ ನಕ್ಕಿರದವನು ಕೆಮ್ಮು ಬರುವವರೆಗೆ ನಕ್ಕ. ನಾನು ಎದೆ ನೀವಬೇಕಾಯಿತು. ಆಮೇಲೆ, "ಅಳಿಸಬ್ಯಾಡ, ಇರ್ಲಿ" ಎಂದು ಅದರ ಮುಂದೆ ಒಂದು ಗುರುತು ಹಾಕಿಸಿದ. ಎರಡು ಅಡ್ಡ ಗೀಟು, ಎರಡು ಉದ್ದ ಗೀಟು ಸೇರಿದ್ದು. "ಇದನ್ನ ಆಕಿದ್ರೆ ಆ ಸಾಲನ್ನ ಕಂಪ್ಯೂಟ್ರು ಓದಲ್ಲ. ದೇವ್ರು ಓದ್ಕೋತಾನೆ."

ಮತ್ತೆ ಓಡಿಸಿದರೆ ಮತ್ತೆ ಬೈಗುಳ. ಅದು ಓಡಬೇಕಾದದ್ದು ಹಳೆಯದರಲ್ಲಿ. ಹಳೆಯದಕ್ಕೆ ಪ್ರೋಗ್ರಾಮಿನೊಳಗೆ ಕನ್ನಡವೇ ಆಗುವುದಿಲ್ಲವಂತೆ, ಓದಬೇಡ ಅಂದ ಸಾಲಿನಲ್ಲಿ ಬಚ್ಚಿಟ್ಟರೂ ಕಂಡುಹಿಡಿಯುತ್ತದಂತೆ. "ದೇವ್ರ ಹೆಸರೂ ಬ್ಯಾಡ್ವಂತಾ ಈ ಮುಂಡೇದಕ್ಕೆ?" ಅಂದೆ. "ಇಂಗ್ಲಿಷಲ್ಲಿ ಆಕು, ತಗೋತದೆ" ಅಂದ. ಹಾಕಿದೆ. ತೆಗೆದುಕೊಂಡಿತು. ಅವತ್ತಿನಿಂದ ಹಿತ್ತಲ ಒಲೆಗೆ ಇಂಗ್ಲಿಷಿನ ಶ್ರೀ, ಒಳಗಿನ ಒಲೆಗೆ ಕನ್ನಡದ ಶ್ರೀ.

ಮುಖ ಗುರುತಿಸುವ ಭಾಗವೊಂದು ಮಾತ್ರ ಬಹಳ ಸತಾಯಿಸಿತು. ಅದೂ ಆ ಹಳೆಯ ಕಾಲದ್ದೇ ಬೇಕು, ಅದಕ್ಕಿಂತ ಹೊಸದಾದರೆ ಆಗದು. ಹುಡುಕಿ, ಹಾಕಿ, ಆಗದೆ, ತೆಗೆದು, ಮತ್ತೆ ಹುಡುಕಿ ದಿನಗಳು ಹೋದವು. ನಾನು ಚೆಲುವರಾಯನಿಗೆ ಮುಡಿಪು ಕಟ್ಟಿದೆ. ಒಂದು ಮಧ್ಯಾಹ್ನ, ಒಲೆಯ ಮೇಲೆ ಹುರುಳಿ ಬೇಯುತ್ತಿತ್ತು, ಅವನು ಹೇಳಿದ ಕೊನೆಯ ಅಕ್ಷರ ಒತ್ತಿದೆ. ಹಸಿರು ದೀಪ ಹತ್ತಿತು.

ಅವನು ತಲೆ ಹೊರಳಿಸಲಿಲ್ಲ. ಹೆದರಿಕೆ. "ನೋಡು" ಅಂದೆ. ಮೆಲ್ಲಗೆ ಎಡಕ್ಕೆ ತಿರುಗಿದ. ಬಾಣ ಅವನ ಜೊತೆ ಹೋಯಿತು.

ನನ್ನನ್ನು ಮಾತಾಡಿಸದೆ ಅಕ್ಷರದ ಮನೆಗಳ ಮೇಲೆ ಹೋಗಿ ಹೋಗಿ ನಿಂತು ಒಂದು ಸಾಲು ಬರೆದ. ಹುರುಳಿ ತಳ ಹಿಡಿಯುವ ವಾಸನೆ ಬಂದರೂ ನಾನು ಕದಲಲಿಲ್ಲ. ಬರೆದು ಮುಗಿಸಿದ ಮೇಲೆ ಓದಿದೆ: 'ಅಣ್ಣ ಊಟ ಮಾಡಿದನಾ?'

ಕೊಟ್ಟಿಗೆಯಿಂದ ಅವರನ್ನು ಕರೆದುಕೊಂಡು ಬಂದು ತೋರಿಸಿದೆ. ಅವರು ಓದಿದರು. "ತಳ ಹಿಡ್ದದೆ ನೋಡಮ್ಮಿ ಸಾರು" ಅಂದು ಟವಲ್ಲಿನಲ್ಲಿ ಮುಖ ಒತ್ತಿಕೊಂಡು ಹೊರಗೆ ಹೋದರು.

ಅದಾದ ಮೇಲೆ ಒಳ್ಳೆಯ ಕಾಲವೇ ಬಂತು. ದೇವರು ಕೊಟ್ಟಷ್ಟು. ಅವನು ಎಷ್ಟೋ ಪುಸ್ತಕಗಳಿಗೆ ಮತ್ತೆ ಕಣ್ಣು ಕೊಟ್ಟ. ಗೋವಿಂದನಹಳ್ಳಿಯ ದೇವಸ್ಥಾನದ ಬಗ್ಗೆ ಯಾರೋ ಬರೆದಿದ್ದ ಹಳೆಯ ಪುಸ್ತಕ ಬಂದಾಗ ನನಗಾಗಿ ಒಂದು ಪ್ರತಿಯನ್ನು ಫೋನಿಗೆ ಹಾಕಿಕೊಟ್ಟ. ನನಗೆ ಒಳಗಿನ ಒಲೆ ಹಚ್ಚುವುದನ್ನು ಪೂರ್ತಿ ಕಲಿಸಿದ. "ನಂಗೇನಾದ್ರೂ ಆದ್ರೆ" ಎಂದು ಶುರುಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ನನ್ನ ಬೆನ್ನಿಗೇ ಉಳಿದ ಪಾಠ ಹೇಳುತ್ತಿದ್ದ.

ಹೋದ ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಡಾಕ್ಟರು ನನ್ನನ್ನು ಹೊರಗೆ ಕರೆದು ಮನೆಗೇ ಕರೆದುಕೊಂಡು ಹೋಗಿ ಅಂದರು. ಮನೆಗೆ ಬಂದ ಮೇಲೆ ತಲೆ ದಿಂಬಿನಿಂದ ಏಳುವುದು ನಿಂತಿತು. ನರ ಇಳಿದುಹೋಯಿತು. ಹೊರಳಿಸಲು ನೋಡುತ್ತಿದ್ದ, ಬಾಣ ಸ್ವಲ್ಪ ನಡುಗಿ ನಿಲ್ಲುತ್ತಿತ್ತು.

ಕೈಯಲ್ಲಿದ್ದ ಒಂದು ಪುಸ್ತಕ ಅರ್ಧಕ್ಕೆ ನಿಂತಿತ್ತು. ಒಂದು ದಿನ ಅವನೇ ಕರೆದ. "ಅತ್ಗೆ, ನೀನು ಕೂತ್ಕೋ. ನಾನು ಹೇಳ್ತೀನಿ." ಮೊದಲಿನ ಹಾಗೆಯೇ ಅವನು ಹೇಳಿದ್ದು, ನಾನು ಒತ್ತಿದ್ದು. ಅವನಿಗೆ ಉಸಿರು ಕೂಡಿ ಬಂದಷ್ಟು ಹೊತ್ತು. ಪುಸ್ತಕ ಮುಗಿಯಿತು, ಕಳಿಸಿದೆವು. ಅದಾದ ಮೇಲೂ ನಾನು ದಿನಾ ಬೆಳಿಗ್ಗೆ ಲ್ಯಾಪ್‌ಟಾಪ್ ಆನ್ ಮಾಡಿ ಅವನೆದುರು ಇಡುತ್ತಿದ್ದೆ, ಅವನಿಗೆ ಜೊತೆಯಾಗಲಿ ಎಂದು.

"ಅತ್ಗೆ, ಇತ್ತಲ ಒಲೆ ತೆಗೆದ್ಬುಡು" ಅಂದ ಒಂದು ಬೆಳಿಗ್ಗೆ.

ನಾನು ಕೇಳಿಸದಂತೆ ಹೊದಿಕೆ ಸರಿಮಾಡಿದೆ. ಮತ್ತೆ ಹೇಳಿದ.

"ಅದೇನು ಅನ್ನ ಕೇಳ್ತದಾ ನೀರು ಕೇಳ್ತದಾ? ಇರ್ಲಿ ಬುಡಪ್ಪ."

"ದೀಪ ಹತ್ಕೋತದೆ. ನನ್ ಮುಖಾನೇ ನೋಡ್ಕೊಂಡು ಕಾಯ್ತಾ ಇರ್ತದೆ ಅತ್ಗೆ. ಈಗ ಅಲ್ಲಾಡ್ತಾನೆ, ಈಗ ಅಲ್ಲಾಡ್ತಾನೆ ಅಂತ. ನಂಗೆ ನೋಡಕಾಗಲ್ಲ."

ಕೂತುಕೊಂಡೆ. ಹಾಕುವಾಗ ಹೇಳಿಸಿದಂತೆಯೇ ತೆಗೆಯುವುದನ್ನೂ ಒಂದೊಂದೇ ಅಕ್ಷರ ಹೇಳಿಸಿದ. ದನಿ ಎಷ್ಟು ಸಣ್ಣಗಾಗಿತ್ತೆಂದರೆ ಅವನ ಬಾಯಿಯ ಹತ್ತಿರ ಕಿವಿ ಇಟ್ಟು ಕೇಳಿ, ಬಂದು ಒತ್ತಿ, ಮತ್ತೆ ಹೋಗಿ ಕೇಳಬೇಕಿತ್ತು. ನಡುವೆ ಒಮ್ಮೆ ನನಗೆ ಕಣ್ಣು ಮಂಜಾಗಿ ತಪ್ಪು ಒತ್ತಿದೆ. "ಜಾಗ ಬುಟ್ಬುಟ್ಟೆ" ಅಂದ. ಸರಿ ಮಾಡಿದೆ. ನಿಜವಾಗಿ ತೆಗೆಯಲೇ ಎಂದು ಕಂಪ್ಯೂಟರ್ ಕೇಳಿತು. ಅವನ ಮುಖ ನೋಡಿದೆ. ರೆಪ್ಪೆ ಮುಚ್ಚಿ ತೆರೆದ. ಒತ್ತಿದೆ. ಹಸಿರು ದೀಪ ಆರಿತು.

"ಈಗ ಸರೋಯ್ತು" ಎಂದು ನಿದ್ದೆ ಹೋದ.

ಅದೇ ವಾರದಲ್ಲಿ, ಬೆಳಿಗ್ಗೆ ತುಳಸಿ ನೀರು ಕೊಡುವ ಹೊತ್ತಿಗೆ ಅವನು ಹೋದ. ನೋವಿನಲ್ಲಿ ಕೂಗಲಿಲ್ಲ, ಅದೊಂದು ದಯೆ. ಅಣ್ಣ ಹತ್ತಿರದಲ್ಲೇ ಇದ್ದರು, ಅದೊಂದು. ಮೈಮೇಲೆ ಹುಣ್ಣಿರಲಿಲ್ಲ, ಶುದ್ಧವಾದ ಮೈಯಲ್ಲಿ ಕಳಿಸಿಕೊಟ್ಟೆ, ಅದೊಂದು. ಇಷ್ಟಾದ ಮೇಲೆ ಎಣಿಸಲು ನನಗೆ ಬೇರೇನೂ ಸಿಗಲಿಲ್ಲ. ಸಿಗದಿದ್ದಾಗ ನಾನು ದೇವರಮನೆಯಲ್ಲಿ ಸುಮ್ಮನೆ ಕೂತಿರುತ್ತಿದ್ದೆ.

ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ ಯಜಮಾನರು ಅವನ ಕೋಣೆಯಲ್ಲಿ ಕೂತು ಲ್ಯಾಪ್‌ಟಾಪ್ ಆನ್ ಮಾಡಿಸಿದರು. ಪರದೆಯನ್ನು ನೋಡುತ್ತಾ ಇದ್ದರು.

"ದೀಪ ಹತ್ತಲ್ವಾ?"

"ಇಲ್ಲ. ತೆಗೆದ್ಬುಟ್ಟೆ."

ನನ್ನ ಕಡೆ ತಿರುಗಿದ ಮುಖವನ್ನು ನಾನು ಮರೆಯಲಾರೆ. "ಯಾಕೆ?"

"ಅವನೇ ತೆಗೆಸ್ದ. ಅಕ್ಷರ ಅವನೇ ಹೇಳ್ದ. ನಾನು ಒತ್ತಿದೆ."

ಪರದೆಯ ಕಡೆ ತಿರುಗಿ ಕೇಳಿದರು, "ತಿರುಗ ಆಕಕ್ಕಾಯ್ತದಾ ಅಮ್ಮಿ?"

"ಯಾರಿಗೆ?"

"ಸುಮ್ನೆ. ಒಂದ್ಸಲ."

ಅಕ್ಷರ ಹೇಳುವವನಿಲ್ಲ. ಆದರೂ ನನ್ನ ಬೆರಳಿಗೆ ನೆನಪಿತ್ತು. ಮರೆತ ಕಡೆ ನಿಂತು ಅವನು ಏನನ್ನುತ್ತಿದ್ದ ಎಂದು ಯೋಚಿಸಿದರೆ ಬರುತ್ತಿತ್ತು. ದನ ಮನೆಗೆ ಬರುವ ಹೊತ್ತಿಗೆ ದೀಪ ಹತ್ತಿತು. ಆಗಲೇ ನನಗೆ ತಿಳಿದದ್ದು, ಅವನು ನನಗೆ ಏನು ಕೊಟ್ಟು ಹೋಗಿದ್ದಾನೆ ಎಂದು. ನಾನು ಅವನಿಗೆ ಅನ್ನ ತಿನ್ನಿಸಿದೆ, ಮೈ ಒರೆಸಿದೆ, ಊರೆಲ್ಲ ಅದನ್ನೇ ಹೇಳುತ್ತದೆ. ಅವನು ನನ್ನನ್ನು ನಂಬಿ ತನ್ನ ಕುತ್ತಿಗೆಯನ್ನು ಎರಡು ಸಲ ನನ್ನ ಕೈಗೆ ಕೊಟ್ಟ. ಆ ಋಣ ದೊಡ್ಡದು.

ಯಜಮಾನರು ಮಂಚದ ಮೇಲೆ ಕೂತು ತಲೆ ಹೊರಳಿಸಿದರು. ಬಾಣ ಚಲಿಸಿತು. ತಮ್ಮನ ಹೆಸರು ಬರೆಯಲು ಹೊರಟರು. ಕೈ ಎಲ್ಲಿ ಮುಂದೆ ಹೋಗಿಬಿಡುತ್ತದೋ ಎಂದು ಎರಡೂ ಅಂಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದರು. ಎರಡು ಅಕ್ಷರವಾಗುವಷ್ಟರಲ್ಲಿ ಹಣೆಯಲ್ಲಿ ಬೆವರು. ಗದ್ದೆ ಉತ್ತ ಆಳು, ಮೂಟೆ ಹೊತ್ತ ಆಳು.

"ಎರಡಕ್ಷರಕ್ಕೇ ಕುತ್ತಿಗೆ ಬಿದ್ದೋಯ್ತದಲ್ಲಮ್ಮಿ" ಅಂದರು. "ನನ್ ಮಗ ಪುಸ್ತಕಗಟ್ಟಲೆ ಬರೆದ್ನಲ್ಲಾ."

ತಮ್ಮನನ್ನು ಮಗ ಅಂದದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ. ಮತ್ತೆ ಪರದೆಯ ಕಡೆ ತಿರುಗಿ ಮೂರನೆಯ ಅಕ್ಷರ ಹುಡುಕಿದರು. ನಾನು ಬಾಗಿಲಿಗೆ ಒರಗಿ ನಿಂತೇ ಇದ್ದೆ. ದೇವರಿಗೆ ದೀಪ ಹಚ್ಚುವ ಹೊತ್ತು ಮೀರುತ್ತಿತ್ತು. ಸೊಸೆಯಾಗಿ ಬಂದಾಗಿನಿಂದ ತಪ್ಪಿಸಿದವಳಲ್ಲ. ಅವತ್ತು ಅವರು ಹೆಸರು ಮುಗಿಸುವವರೆಗೂ ಹಚ್ಚಲಿಲ್ಲ. ದೇವರು ಏನೂ ಅಂದುಕೊಂಡಿರಲಾರ.